ಜಾತ್ರೆ ನಾಟಕದ ಹಿಮ್ಮೇಳದಲ್ಲಿ ಕೂರುವ ಮುನ್ನ

ಜೋಳ, ಶೇಂಗಾ, ಮೆಕ್ಕೆಜೋಳದ ರಾಶಿ ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಭರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಕಾರ್ಣಿಕ, ಶಿವರಾತ್ರಿಯ ಆಸುಪಾಸಿನಲ್ಲಿ ಕೊಟ್ಟೂರೇಶ್ವರನ ತೇರು ಮತ್ತು ಕುರುವತ್ತಿಯ ಜಾತ್ರೆ, ಯುಗಾದಿಗೆ ಉಚ್ಚಂಗಿದುರ್ಗ, ಬೇಸಿಗೆಯಲ್ಲಿ ಉಜ್ಜಿನಿ. ಇವುಗಳ ನಡುನಡುವೆ ಊರೂರಿನ ಆಂಜನೇಯ, ದುರ್ಗವ್ವ, ಬಸವಣ್ಣನ ತೇರುಗಳು. ತೇರು ಎಳೆದ ರಾತ್ರಿಯೋ ಮರುರಾತ್ರಿಯೋ ಊರ ಹುಡುಗರು ಬಣ್ಣ ಹಚ್ಚುತ್ತಾರೆ.

ಬಣ್ಣ ಹಚ್ಚುವವರಿಗೆ ಹೇಳಿಕೊಡಲು ನಾಟಕದ ಮಾಸ್ತರರಿರುತ್ತಾರೆ. ಅದೇ ನಾಟಕಕ್ಕೆ ಮೊದಲ ಸಲ ವಾದ್ಯ ಹಿಡಿದು ಕೂರುವವರಿಗೆ ಹೇಳಿಕೊಡುವವರು ಕಡಿಮೆ. ಸಂಗೀತದ ಪರೀಕ್ಷೆ ಪಾಸಾದ ಹುಡುಗಿ, ಭಜನೆಗೆ ಪೇಟಿ ನುಡಿಸಿ ಕೈ ಪಳಗಿದ ಹುಡುಗ, ಪಿಟೀಲು ಕಲಿತು ಕಛೇರಿಗೆ ಕಾಯುತ್ತಿರುವವರು, ಕೀಬೋರ್ಡಿನಲ್ಲಿ ಸಿನಿಮಾ ಹಾಡು ನುಡಿಸುವವರು, ಇವರೆಲ್ಲ ನಾಟಕದ ಹಿಮ್ಮೇಳಕ್ಕೆ ಬಂದಾಗ ತಮಗೆ ಗೊತ್ತಿದ್ದ ವಿದ್ಯೆ ಸಾಲದೆಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಇಲ್ಲಿ ಬೇಕಾದದ್ದು ಮುಖ್ಯವಾಗಿ ಎರಡು: ತಾಲೀಮಿನಲ್ಲಿ ಬರೆದಿಟ್ಟುಕೊಳ್ಳುವ ಶಿಸ್ತು, ರಾತ್ರಿಯಿಡೀ ನಟನ ಉಸಿರನ್ನು ಕೇಳಿಸಿಕೊಳ್ಳುವ ತಾಳ್ಮೆ. ಎರಡನ್ನೂ ರೂಢಿಸಿಕೊಳ್ಳುವುದು ಹೇಗೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹಬ್ಬದ ಹಂಗಾಮಿನಲ್ಲಿ ವಾದ್ಯಗಾರರಿಗೆ ಬಿಡುವಿಲ್ಲದಷ್ಟು ಕೆಲಸ ಹುಟ್ಟುವುದು ಬೇರೆ ದೇಶಗಳಲ್ಲೂ ಉಂಟು. ಚೈಕೋವ್‌ಸ್ಕಿ ಸಂಗೀತ ರಚಿಸಿದ 'ನಟ್‌ಕ್ರ್ಯಾಕರ್' ಎಂಬ ನೃತ್ಯನಾಟಕ 1892ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಈಗ ಕ್ರಿಸ್‌ಮಸ್ ಬಂದರೆ ಅಮೆರಿಕದ ಊರೂರಲ್ಲೂ ಅದೇ ಆಟ, ಪಿಟೀಲಿನವರಿಗೆ ಡಿಸೆಂಬರ್ ಪೂರ್ತಿ ಅದೇ ದುಡಿಮೆ. ಆದರೆ ಅವರ ಮುಂದೆ ಪ್ರತಿ ಸ್ವರವೂ ಅಚ್ಚಾದ ಹಾಳೆ ಇರುತ್ತದೆ, ಕೋಲು ಹಿಡಿದು ನಡೆಸುವ ನಿರ್ದೇಶಕ ಇರುತ್ತಾನೆ. ನಮ್ಮಲ್ಲಿ ಹಾಳೆಯೂ ಇಲ್ಲ, ಕೋಲೂ ಇಲ್ಲ. ನಟ ಹಾಡಿದ ಹಾಗೆ ವಾದ್ಯ ನಡೆಯಬೇಕು. ನಮ್ಮ ಹಿಮ್ಮೇಳದ ಕಷ್ಟವೂ ಸೊಗಸೂ ಇಲ್ಲೇ ಇವೆ.

ನಮ್ಮ ಸೀಮೆಯ ಹಿಮ್ಮೇಳ

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಡೆಯಿಂದ ಕರ್ನಾಟಕ ಸಂಗೀತ, ತೆಲುಗು ರಂಗಭೂಮಿಯ ಪದ್ಯದ ಧಾಟಿ ಬಂದವು. ತುಂಗಭದ್ರೆ ದಾಟಿದರೆ ಗದಗ ಸೀಮೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿದರು. ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಪಿಟೀಲು ಮುಂತಾದ ಹಲವು ವಾದ್ಯಗಳಲ್ಲಿ ನುರಿತವರಾಗಿದ್ದರು, ನಾಟಕಗಳನ್ನೂ ಬರೆದರು. ಆ ಕಡೆಯಿಂದ ಹಿಂದೂಸ್ತಾನಿ ಮಟ್ಟುಗಳು ಬಂದವು. ಇವೆರಡಕ್ಕೂ ಮುಂಚಿನಿಂದ ಮುಖವೀಣೆ, ಮದ್ದಳೆಯ ದೊಡ್ಡಾಟ ಇಲ್ಲೇ ಬೇರೂರಿತ್ತು. ಹೀಗೆ ಮೂರು ದಾರಿಯ ಸಂಗೀತ ನಮ್ಮ ನಾಟಕದಲ್ಲಿ ಕೂಡಿಕೊಂಡಿದೆ. ಒಂದೇ ರಾತ್ರಿ ಒಬ್ಬ ನಟ ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿದರೆ ಇನ್ನೊಬ್ಬ ದೊಡ್ಡಾಟದ ಗತ್ತಿನಲ್ಲಿ ಎತ್ತಿಕೊಳ್ಳುತ್ತಾನೆ. ಎರಡಕ್ಕೂ ನೀವು ಸಿದ್ಧರಿರಬೇಕು.

ಹಿಮ್ಮೇಳದ ಯಜಮಾನಿಕೆ ಕಾಲು ಹಾರ್ಮೋನಿಯಮ್ಮಿನದು. ಗಾಳಿ ತುಂಬುವ ಕೆಲಸ ಕಾಲಿಗೆ ಹೋದುದರಿಂದ ಎರಡೂ ಕೈ ಮನೆಗಳ ಮೇಲಿರುತ್ತವೆ. ಬಲಗೈ ಹಾಡನ್ನು ಹಿಡಿದರೆ ಎಡಗೈ ಷಡ್ಜ-ಪಂಚಮವನ್ನು ಕಾಯುತ್ತದೆ. ಜೊತೆಗೆ ತಬಲಾ, ಈಚೆಗೆ ಕೀಬೋರ್ಡ್ ಮತ್ತು ರಿದಂ ಪ್ಯಾಡ್. ಕೊಳಲು, ಪಿಟೀಲು ಸಿಕ್ಕರೆ ಅದು ಆ ಊರಿನ ಪುಣ್ಯ. ಮೀಂಡ್, ಗಮಕ ಹೊರಡುವುದಿಲ್ಲವೆಂಬ ಮುಖ್ಯ ಆಕ್ಷೇಪದ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿತ್ತು. ಆ ಮೂರು ದಶಕವೂ ನಾಟಕದವರು ಪೇಟಿಯನ್ನು ಬಿಡಲಿಲ್ಲ. ಮೈಕಿಲ್ಲದ ಬಯಲಿನಲ್ಲಿ ನಟನ ಕಂಠಕ್ಕೆ ಆಸರೆ ಕೊಡುವಷ್ಟು ಗಟ್ಟಿ ದನಿ ಅದಕ್ಕಿತ್ತು.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ್ದು

ಊರಿನವರು ವೀಳ್ಯ ಕೊಡಲು ಬಂದಾಗ ಸಂಕೋಚ ಪಡದೆ ಇಷ್ಟನ್ನು ಕೇಳಿ.

1. ಯಾವ ನಾಟಕ? ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ', 'ಕುರುಕ್ಷೇತ್ರ'ದಂಥ ಪೌರಾಣಿಕವಾದರೆ ಕಂದ, ವೃತ್ತ, ಹಾಡು ಬಹಳ. ಸಾಮಾಜಿಕ ನಾಟಕವಾದರೆ ಹಾಡು ಕಡಿಮೆ, ಮಾತಿನ ಹಿಂದಿನ ಸಂಗೀತ ಹೆಚ್ಚು.

2. ಸಂಗೀತ ಯಾರದು? ಕಾಲು ಹಾರ್ಮೋನಿಯಂ ಮಾಸ್ತರರು ಬೇರೆ ಇದ್ದಾರೆಯೇ, ನೀವೇ ನಡೆಸಬೇಕೇ? ಹಿರಿಯರಿದ್ದರೆ ನೀವು ಅವರ ಸಾಥಿಗೆ ಬಂದವರು, ಕೊನೆಯ ಮಾತು ಅವರದು.

3. ತಾಲೀಮು ಯಾವಾಗಿನಿಂದ, ವಾರಕ್ಕೆ ಎಷ್ಟು ರಾತ್ರಿ? ನೀವು ಯಾವ ಹಂತದಲ್ಲಿ ಬರಬೇಕು?

4. ಸ್ತ್ರೀ ಪಾತ್ರಕ್ಕೆ ಯಾರು ಬರುತ್ತಾರೆ, ಯಾವಾಗ? ನಮ್ಮಲ್ಲಿ ಸ್ತ್ರೀ ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುವುದು ರೂಢಿ. ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿ ಇಂಥ ಕಲಾವಿದೆಯರ ಊರೆಂದೇ ಹೆಸರಾದುದು. ಇವರು ಎಷ್ಟೋ ಸಲ ಕೊನೆಯ ತಾಲೀಮಿಗೆ, ಕೆಲವೊಮ್ಮೆ ನಾಟಕದ ದಿನವೇ ಬರುತ್ತಾರೆ. ಅವರ ಫೋನ್ ನಂಬರು ಮೊದಲೇ ಪಡೆದು ಶ್ರುತಿ, ಮಟ್ಟು ಕೇಳಿಟ್ಟುಕೊಳ್ಳಿ.

5. ಸಂಭಾವನೆ ಎಷ್ಟು, ಯಾವಾಗ? ವಾದ್ಯ ಸಾಗಿಸುವ ಗಾಡಿ ಬಾಡಿಗೆ ಯಾರದು? ತಾಲೀಮಿನ ರಾತ್ರಿಗಳಿಗೆ ಬೇರೆ ಲೆಕ್ಕವೇ? ಮುಂಗಡ ಪಡೆದ ದಿನವೇ ಚೀಟಿಯಲ್ಲಿ ಬರೆದುಕೊಂಡರೆ ಜಾತ್ರೆ ಮುಗಿದ ಮೇಲೆ ಮಾತು ಬರುವುದಿಲ್ಲ.

ತಾಲೀಮಿನ ನೋಟ್‌ಬುಕ್

ನಾಟಕದ ಪುಸ್ತಕದಲ್ಲಿ ಹಾಡಿನ ಸಾಹಿತ್ಯ ಅಚ್ಚಾಗಿರುತ್ತದೆ. ಅದನ್ನು ಹೇಗೆ ಹಾಡುತ್ತಾರೆಂಬುದು ಮಾಸ್ತರರ ಬಾಯಲ್ಲಿರುತ್ತದೆ. ಆದ್ದರಿಂದ ಮೊದಲ ತಾಲೀಮಿನಿಂದಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪ್ರತಿ ಹಾಡಿಗೂ ಇಷ್ಟು ಬರೆಯಿರಿ: ಅಂಕ ಮತ್ತು ದೃಶ್ಯ, ಪಾತ್ರ, ಹಾಡಿಗೆ ಮುಂಚಿನ ಕೊನೆಯ ಮಾತು, ಶ್ರುತಿ, ರಾಗ ಅಥವಾ ಮಟ್ಟು, ತಾಳ ಮತ್ತು ನಡೆ, ಹಾಡಿನ ಮುಂಚೆ ವಾದ್ಯ ಎಷ್ಟು ನುಡಿಸಬೇಕು, ಹಾಡು ಮುಗಿಯುವ ಬಗೆ.

ಇವುಗಳಲ್ಲಿ ಬಹಳ ಮುಖ್ಯವಾದದ್ದು ಹಾಡಿಗೆ ಮುಂಚಿನ ಕೊನೆಯ ಮಾತು. ನಟ ಆ ಮಾತು ಮುಗಿಸುವಷ್ಟರಲ್ಲಿ ನಿಮ್ಮ ಬೆರಳು ಷಡ್ಜದ ಮೇಲಿರಬೇಕು. ಅವನು ಹಾಡಲು ಬಾಯಿ ತೆರೆದ ಮೇಲೆ ನೀವು ಶ್ರುತಿ ಹುಡುಕಿದರೆ ಅವನು ತನಗೆ ತೋಚಿದ ಶ್ರುತಿ ಹಿಡಿದಿರುತ್ತಾನೆ. ಆಮೇಲೆ ಇಬ್ಬರೂ ಕೂಡುವುದು ಕಷ್ಟ. ಪಾತ್ರಧಾರಿ ಮಾತು ಮರೆತು ಹಾರಿಸುವುದೂ ಉಂಟು. ಹಾಗಾಗಿ ಕೊನೆಯ ಮಾತಿಗೆ ಎರಡು ಮಾತು ಹಿಂದಿನದನ್ನೂ ಬರೆದುಕೊಳ್ಳಿ. ನಾಟಕದ ರಾತ್ರಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವರ ಹತ್ತಿರ ಕೂತರೆ ಇನ್ನೂ ಒಳ್ಳೆಯದು.

ತಾಳವನ್ನು ಹೆಸರಿನ ಜೊತೆ ಮಾತ್ರೆಯಲ್ಲೂ ಬರೆಯಿರಿ: ದಾದ್ರಾ 6, ರೂಪಕ್ 7, ಕೇರವಾ 8, ಝಪ್‌ತಾಲ್ 10, ದೀಪಚಂದಿ 14, ತೀನ್‌ತಾಲ್ 16. ಕರ್ನಾಟಕ ಸಂಗೀತ ಕಲಿತವರ ರೂಪಕ ತಾಳಕ್ಕೂ ಹಿಂದೂಸ್ತಾನಿಯ ರೂಪಕ್‌ಗೂ ಲೆಕ್ಕ ಬೇರೆ. ಮಾತ್ರೆ ಬರೆದಿದ್ದರೆ ತಬಲಾದವರ ಜೊತೆ ಗೊಂದಲ ಆಗುವುದಿಲ್ಲ.

ಶ್ರುತಿಯ ಮೂರು ಲೆಕ್ಕ

ಪೇಟಿಯವರು 'ಕರಿ ಒಂದು', 'ಬಿಳಿ ನಾಕು' ಎನ್ನುತ್ತಾರೆ. ಕರ್ನಾಟಕ ಪದ್ಧತಿಯವರು 'ಒಂದೂವರೆ ಮನೆ', 'ನಾಲ್ಕು ಮನೆ' ಎನ್ನುತ್ತಾರೆ. ಕೀಬೋರ್ಡಿನವರು ಇಂಗ್ಲಿಷ್ ಅಕ್ಷರ ಹೇಳುತ್ತಾರೆ. ಮೂವರೂ ಹೇಳುವುದು ಒಂದೇ ಮನೆಯನ್ನು. ಈ ಪಟ್ಟಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

ಬಿಳಿ 1 – 1 ಮನೆ – ಸಿ
ಕರಿ 1 – 1½ ಮನೆ – ಸಿ ಶಾರ್ಪ್
ಬಿಳಿ 2 – 2 ಮನೆ – ಡಿ
ಕರಿ 2 – 2½ ಮನೆ – ಡಿ ಶಾರ್ಪ್
ಬಿಳಿ 3 – 3 ಮನೆ – ಇ
ಬಿಳಿ 4 – 4 ಮನೆ – ಎಫ್
ಕರಿ 3 – 4½ ಮನೆ – ಎಫ್ ಶಾರ್ಪ್
ಬಿಳಿ 5 – 5 ಮನೆ – ಜಿ
ಕರಿ 4 – 5½ ಮನೆ – ಜಿ ಶಾರ್ಪ್
ಬಿಳಿ 6 – 6 ಮನೆ – ಎ
ಕರಿ 5 – 6½ ಮನೆ – ಎ ಶಾರ್ಪ್
ಬಿಳಿ 7 – 7 ಮನೆ – ಬಿ

ಗಂಡಸರ ದನಿ ಸಾಮಾನ್ಯವಾಗಿ ಬಿಳಿ 1ರಿಂದ ಕರಿ 2ರ ನಡುವೆ, ಹೆಂಗಸರದು ಬಿಳಿ 5ರಿಂದ ಕರಿ 5ರ ನಡುವೆ ನಿಲ್ಲುತ್ತದೆ. ಆದರೂ ಊಹೆಯ ಮೇಲೆ ಬಿಡದೆ ಪ್ರತಿ ಪಾತ್ರಧಾರಿಯಿಂದಲೂ ತಾಲೀಮಿನಲ್ಲಿ ಅವರ ಅತಿ ಎತ್ತರದ ಹಾಡು ಹಾಡಿಸಿ ಶ್ರುತಿ ಗೊತ್ತುಮಾಡಿ. ಕೂತು ಹಾಡಿದ ಶ್ರುತಿ ಬೇರೆ, ಗದೆ ಹೊತ್ತು ಕುಣಿದು ಹಾಡುವ ಶ್ರುತಿ ಬೇರೆ. ನಿಲ್ಲಿಸಿ ಹಾಡಿಸಿಯೇ ನೋಡಬೇಕು.

ಜೋಡಿ ಹಾಡು ಬಂದಾಗ ಹೊಸಬರಿಗೆ ಕೈ ಕಟ್ಟುತ್ತದೆ. ನಾಯಕ ಕರಿ 1, ನಾಯಕಿ ಕರಿ 4 ಎಂದಿಟ್ಟುಕೊಳ್ಳಿ. ನಾಯಕನ ಪಂಚಮವೇ ನಾಯಕಿಯ ಷಡ್ಜ. ಅವನ ಚರಣ ಮುಗಿದ ಕೂಡಲೇ ಪಂಚಮದ ಮೇಲೆ ನಿಂತು, ಅದನ್ನೇ ಷಡ್ಜವೆಂದು ಕೇಳಿಸುವ ಹಾಗೆ ಒಂದು ಸಣ್ಣ ತುಣುಕು ನುಡಿಸಿದರೆ ನಾಯಕಿ ತನ್ನ ಶ್ರುತಿಯಲ್ಲೇ ಹಾಯಾಗಿ ಎತ್ತಿಕೊಳ್ಳುತ್ತಾಳೆ. ಇಬ್ಬರಿಗೂ ಒಗ್ಗುವ ನಡುವಿನ ಶ್ರುತಿ ಹುಡುಕುವುದು ಇನ್ನೊಂದು ದಾರಿ, ಆದರೆ ಮಟ್ಟು ಬಹಳ ಮೇಲೆ-ಕೆಳಗೆ ಓಡಾಡದಿದ್ದರೆ ಮಾತ್ರ ಅದು ನಡೆಯುತ್ತದೆ.

ಪ್ರತಿ ಹಾಡನ್ನೂ ಗೊತ್ತಾದ ಶ್ರುತಿಯಲ್ಲಿ, ಅರ್ಧ ಮನೆ ಕೆಳಗೆ, ಅರ್ಧ ಮನೆ ಮೇಲೆ, ಹೀಗೆ ಮೂರು ಕಡೆ ನುಡಿಸಿ ಅಭ್ಯಾಸ ಮಾಡಿ. ಜನರ ಚಪ್ಪಾಳೆಗೆ ಉಬ್ಬಿದ ನಟನ ದನಿ ಮೇಲೇರುತ್ತದೆ, ಬೆಳಗಿನ ಜಾವಕ್ಕೆ ದಣಿದು ಇಳಿಯುತ್ತದೆ.

ಹೆಸರು ಒಂದು, ರಾಗ ಬೇರೆ

ಎರಡು ಪದ್ಧತಿ ಕೂಡಿದ ಸೀಮೆಯಾದ್ದರಿಂದ ರಾಗದ ಹೆಸರನ್ನು ಕೇಳಿ ನಂಬುವ ಬದಲು ಒಂದು ಸಲ ಆರೋಹ-ಅವರೋಹ ನುಡಿಸಿ ಕೇಳಿಸಿಕೊಳ್ಳಿ. ಮೋಹನ ಎಂದರೂ ಭೂಪ್ ಎಂದರೂ ಸ್ವರ ಅವೇ. ಕಲ್ಯಾಣಿ ಮತ್ತು ಯಮನ್, ಶುದ್ಧ ಸಾವೇರಿ ಮತ್ತು ದುರ್ಗಾ ಕೂಡ ಹತ್ತಿರದ ನೆಂಟರು. ಹಿಂದೋಳವೆಂದು ಕರ್ನಾಟಕ ಪದ್ಧತಿಯವರು ಕರೆಯುವುದು ಮಾಲಕಂಸದ ಸ್ವರಗಳನ್ನು. ಹಿಂದೂಸ್ತಾನಿಯ ಹಿಂದೋಲ್ ಬೇರೆಯೇ ರಾಗ. ಎರಡು ಪದ್ಧತಿಯ ಭೈರವಿಗಳೂ ಬೇರೆ ಬೇರೆ. ಹಿಂದೂಸ್ತಾನಿ ಭೈರವಿ ಬೇಕೆನ್ನುವವರಿಗೆ ಸಿಂಧುಭೈರವಿ ಹೆಚ್ಚು ಹತ್ತಿರ.

ಮಟ್ಟು ಗೊತ್ತಿಲ್ಲದ ಹಾಡು ಎದುರಾದರೆ ಸನ್ನಿವೇಶ ನೋಡಿ ರಾಗ ಆರಿಸಿಕೊಳ್ಳಬಹುದು. ವೀರಕ್ಕೆ ಅಡಾಣ, ದುರ್ಗಾ, ಹಂಸಧ್ವನಿ. ಶೃಂಗಾರಕ್ಕೆ ಯಮನ್, ಪೀಲು, ಕಾಫಿ. ಭಕ್ತಿಗೆ ಭೂಪ್, ಭೀಮ್‌ಪಲಾಸ್. ಶೋಕಕ್ಕೆ ಜೋಗಿಯಾ, ಶಿವರಂಜನಿ. ಮಂಗಳಕ್ಕೆ ಭೈರವಿ ಅಥವಾ ಮಧ್ಯಮಾವತಿ. ಇಷ್ಟು ರಾಗ ಕೈಯಲ್ಲಿ ಗಟ್ಟಿಯಾಗಿದ್ದರೆ ಯಾವ ನಾಟಕಕ್ಕೂ ಹೆದರಬೇಕಿಲ್ಲ.

ಉಸಿರು ಹಿಡಿಯುವ ವಿದ್ಯೆ

ತಾಳವಿರುವ ಹಾಡನ್ನು ನುಡಿಸುವುದು ಸುಲಭ. ಹಿಮ್ಮೇಳದವರ ಪರೀಕ್ಷೆ ನಡೆಯುವುದು ತಾಳವಿಲ್ಲದ ಕಂದ, ವೃತ್ತಗಳಲ್ಲಿ. ರೊಚ್ಚಿಗೆದ್ದ ಭೀಮನೋ ಮುಡಿ ಬಿಚ್ಚಿದ ದ್ರೌಪದಿಯೋ ಪದ್ಯ ಎತ್ತಿದಾಗ ಎಲ್ಲಿ ಎಳೆಯುತ್ತಾರೆ, ಎಲ್ಲಿ ಮುರಿಯುತ್ತಾರೆ ಎಂಬುದು ಆ ಕ್ಷಣದಲ್ಲಿ ನಿರ್ಧಾರವಾಗುತ್ತದೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು 'ರಕ್ತರಾತ್ರಿ'ಯ ದ್ರೌಪದಿಯಾಗಿ ನಾಡಿನಲ್ಲೆಲ್ಲ ಹೆಸರಾದರು. ಅಂಥ ಕಂಠದ ಹಿಂದೆ ಕೂರುವವರಿಗೆ ಕಿವಿಯೇ ಮೊದಲ ವಾದ್ಯ.

ನಿಯಮ ಇಷ್ಟು. ಪದ್ಯಕ್ಕೆ ಮುಂಚೆ ಷಡ್ಜ ಕೊಟ್ಟು, ರಾಗದ ಒಂದು ಎಳೆ ತೋರಿಸಿ ಸುಮ್ಮನಾಗಿ. ನಟ ಹಾಡುವಾಗ ಶ್ರುತಿಯನ್ನು ಮೆಲ್ಲಗೆ ಹಿಡಿದಿರಿ, ಸಾಲಿನ ಮೇಲೆ ಸಾಲು ನುಡಿಸಬೇಡಿ. ಅವನು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ, ಅವನು ಕೊನೆಗೆ ನಿಂತ ಸ್ವರದಿಂದಲೇ ಹೊರಟು ಮುಂದಿನ ಸಾಲು ಶುರುವಾಗುವ ಸ್ವರಕ್ಕೆ ತಲುಪಿಸಿ. ಆ ಸಂದಿ ಒಂದು ಕ್ಷಣದ್ದೋ ಎರಡು ಕ್ಷಣದ್ದೋ ಆಗಿರುತ್ತದೆ. ಅದನ್ನು ಗುರುತಿಸಲು ನಟನ ಭುಜ ಮತ್ತು ಎದೆಯನ್ನು ನೋಡುತ್ತಿರಿ. ಉಸಿರು ಎಳೆದಾಗ ಭುಜ ಏರುತ್ತದೆ, ನೀವು ಬಿಟ್ಟುಕೊಡುವ ಹೊತ್ತು ಅದು.

ನಟ ಶ್ರುತಿ ತಪ್ಪಿದರೆ? ತಾಳದ ಹಾಡಿನಲ್ಲಿ ಅವನ ಬೆನ್ನಟ್ಟಬೇಡಿ. ಷಡ್ಜ-ಪಂಚಮವನ್ನು ಗಟ್ಟಿಯಾಗಿ ಕೇಳಿಸಿ, ಬಹಳ ಸಲ ಅವನೇ ಮರಳಿ ಬರುತ್ತಾನೆ. ತಾಳವಿಲ್ಲದ ಪದ್ಯದಲ್ಲಿ ಅವನು ಪೂರಾ ಅರ್ಧ ಮನೆ ಜಾರಿ ಅಲ್ಲೇ ಸ್ಥಿರವಾದರೆ, ಸಾಲು ಮುಗಿದಾಗ ನೀವೇ ಅವನ ಮನೆಗೆ ಹೋಗಿ. ಜನರ ಮುಂದೆ ನಟನನ್ನು ತಪ್ಪುಗಾರನನ್ನಾಗಿ ಕೇಳಿಸುವುದು ಹಿಮ್ಮೇಳದವರ ಧರ್ಮವಲ್ಲ. ಹೊಸ ಹುಡುಗ ಹೆದರಿ ಸಾಲು ಮರೆತು ನಿಂತರೆ ಆ ಸಾಲಿನ ಮಟ್ಟನ್ನೇ ಮತ್ತೊಮ್ಮೆ ನುಡಿಸಿ. ಸ್ವರ ಕಿವಿಗೆ ಬಿದ್ದಾಗ ಮಾತು ನೆನಪಾಗುತ್ತದೆ.

ಮಾತಿನ ಹಿಂದೆ ನುಡಿಸುವಾಗ ಮಿತವಾಗಿರಿ. ಪಾತ್ರದ ಪ್ರವೇಶ, ಕತ್ತಿ ಕಾಳಗ, ಪರದೆ ಏರಿಳಿಯುವಿಕೆ, ಸಾವು, ಇವುಗಳಿಗೆ ಸಂಗೀತ ಬೇಕು. ತಾಯಿ ಮಗನಿಗೆ ಹೇಳುವ ಕೊನೆಯ ಮಾತಿಗೆ ಬೇಕಿಲ್ಲ. ಹಾಸ್ಯದ ಮಾತು ಮುಗಿದು ಜನ ನಗುವವರೆಗೂ ವಾದ್ಯ ತಡೆದಿಡಿ.

ಪಿಟೀಲಿನವರಿಗೆ

ಪೇಟಿಗೆ ಬಾರದ ಜಾರು, ಗಮಕ ನಿಮ್ಮ ಕೈಯಲ್ಲಿದೆ. ಶೋಕದ ಪದ್ಯದಲ್ಲಿ ಪಿಟೀಲು ಕಂಠದ ನೆರಳಾಗಿ ನಡೆದರೆ ನಾಟಕದ ತೂಕವೇ ಹೆಚ್ಚುತ್ತದೆ. ಆದ್ದರಿಂದ ಎಲ್ಲ ಹಾಡಿಗೂ ನುಡಿಸದೆ, ನಿಮ್ಮ ಜಾಗಗಳನ್ನು ಮಾಸ್ತರರ ಜೊತೆ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ.

ದನಿ ಸಣ್ಣದೆಂಬ ತೊಡಕು ಪಿಟೀಲಿಗೆ ಹಳೆಯದು. ಮೈಸೂರಿನ ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲು ರೂಪಿಸಿದ್ದು ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ದನಿ ಮುಟ್ಟಲೆಂದು. ನಿಮಗೆ ಈಗ ಮೈಕಿದೆ, ಆದರೆ ಬಯಲಿನ ಮೈಕು ಪಕ್ಕದ ತಬಲಾ ದನಿಯನ್ನೂ ಎಳೆದುಕೊಳ್ಳುತ್ತದೆ. ಕುದುರೆಗೆ ಕಚ್ಚಿಸುವ ಪಿಕಪ್ ಇದ್ದರೆ ತನ್ನಿ. ಇಲ್ಲದಿದ್ದರೆ ನಿಮಗೊಂದು ಬೇರೆ ಮೈಕು ಕೇಳಿ, ಅದನ್ನು ತಬಲಾಕ್ಕೆ ಬೆನ್ನು ಮಾಡಿ ಇರಿಸಿ.

ಸ-ಪ-ಸ-ಪ ಶ್ರುತಿ ಮಾಡುವವರಿಗೆ ಒಂದು ಅನುಕೂಲವಿದೆ. ಮುಖ್ಯ ಗಂಡು ಪಾತ್ರದ ಕರಿ 1ಕ್ಕೆ ತಂತಿ ಕಟ್ಟಿದ್ದರೆ ಪಂಚಮದ ತಂತಿ ಕರಿ 4 ಆಗಿರುತ್ತದೆ. ಕರಿ 4ರಲ್ಲಿ ಹಾಡುವ ನಾಯಕಿ ಬಂದಾಗ ಬಿರಡೆ ಮುಟ್ಟಬೇಕಿಲ್ಲ, ಆ ತಂತಿಯೇ ಅವಳ ಷಡ್ಜ, ಷಡ್ಜದ ತಂತಿ ಅವಳ ಮಧ್ಯಮ. ಬೆರಳಿನ ಲೆಕ್ಕ ಮಾತ್ರ ಬದಲಾಗುತ್ತದೆ. ಇದನ್ನು ಮನೆಯಲ್ಲಿ ಚೆನ್ನಾಗಿ ರೂಢಿಸಿಕೊಂಡು ಬನ್ನಿ. ನಾಟಕದ ನಡುವೆ ಪದೇಪದೇ ಬಿರಡೆ ತಿರುಗಿಸಿದರೆ ತಂತಿ ನಿಲ್ಲುವುದಿಲ್ಲ.

ನಮ್ಮ ಬೇಸಿಗೆಯ ಒಣ ಹವೆಗೆ ಮರ ಒಣಗಿ ಬಿರಡೆ ಜಾರುತ್ತದೆ. ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿದರೆ ಹಿಡಿತ ಬರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಆಟೋದ ಹಿಂದೆ ಪಿಟೀಲು ಬಿಡಬೇಡಿ, ಅಂಟು ಬಿಟ್ಟುಕೊಂಡು ಮೈ ಬಾಯಿ ತೆರೆಯುತ್ತದೆ. ರಾತ್ರಿ ತಂಪಾದಂತೆ ತಂತಿಯ ಶ್ರುತಿ ಕದಲುವುದರಿಂದ ಪ್ರತಿ ಅಂಕದ ಬಿಡುವಿನಲ್ಲೂ ನೋಡಿಕೊಳ್ಳಿ. ಚೀಲದಲ್ಲಿ ಇನ್ನೊಂದು ಜೊತೆ ತಂತಿ, ಇನ್ನೊಂದು ಕಮಾನು, ರಾಳ, ಒಣ ಬಟ್ಟೆ ಇರಲಿ. ಜಾತ್ರೆಯ ದೂಳು ರಾಳದ ಪುಡಿಗೆ ಸೇರಿ ತಂತಿಯ ಮೇಲೆ ಮೆತ್ತುತ್ತದೆ, ಒರೆಸುತ್ತಿರಬೇಕು.

ಪೇಟಿ, ಕೀಬೋರ್ಡಿನವರಿಗೆ

ಹಿಮ್ಮೇಳದ ಶ್ರುತಿ ಕೂಡಿಸುವಾಗ ಎಲ್ಲರೂ ಕಾಲು ಹಾರ್ಮೋನಿಯಮ್ಮಿಗೆ ಕೂಡಬೇಕು, ಏಕೆಂದರೆ ಅದರ ರೀಡುಗಳನ್ನು ಅಲ್ಲಿ ಕೂತು ತಿದ್ದಲಾಗದು. ಹಳೆಯ ಪೇಟಿಯ ಬಿಳಿ 1 ಇಂದಿನ ಕೀಬೋರ್ಡಿನ ಬಿಳಿ 1ಕ್ಕೆ ಸರಿಯಾಗಿ ಕೂಡದಿರಬಹುದು. ಕೀಬೋರ್ಡಿನಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಸೌಲಭ್ಯವಿರುತ್ತದೆ. ಅದನ್ನು ಬಳಸಿ ಪೇಟಿಗೆ ಸರಿಮಾಡಿ, ಆಮೇಲೆ ತಬಲಾ, ಪಿಟೀಲು ಕೂಡಿಸಿ.

ಪೇಟಿಯನ್ನು ಸಾಗಿಸುವಾಗ ದಪ್ಪ ಬಟ್ಟೆ ಸುತ್ತಿ, ಗೂಡ್ಸ್ ಆಟೋದಲ್ಲಿ ನಿಲ್ಲಿಸಿಯೇ ಒಯ್ಯಿರಿ. ರೀಡಿನಲ್ಲಿ ದೂಳು ಸಿಕ್ಕರೆ ಸ್ವರ ಏಳುವುದಿಲ್ಲ. ಮೆತ್ತನೆಯ ಕುಂಚ, ಸಣ್ಣ ತಿರುಗುಳಿ, ತಿದಿಯ ತೂತಿಗೆ ಹಚ್ಚಲು ಬಟ್ಟೆ ಮತ್ತು ಅಂಟು ಹತ್ತಿರವಿರಲಿ. ಕಾಲಿನ ಪಟ್ಟಿ ನಡುರಾತ್ರಿ ಹರಿಯಬಹುದು, ಗಟ್ಟಿ ಹಗ್ಗವೊಂದು ಇಟ್ಟುಕೊಳ್ಳಿ. ಕೀಬೋರ್ಡಿನವರು ಬ್ಯಾಟರಿ ಅಥವಾ ಪವರ್ ಬ್ಯಾಕಪ್ ಇಲ್ಲದೆ ಹೊರಡಬೇಡಿ. ಕರೆಂಟು ಹೋದಾಗ ಪೇಟಿ, ತಬಲಾ ನಾಟಕವನ್ನು ಉಳಿಸುತ್ತವೆ, ನೀವು ಆಗ ತಾಳ ಹಿಡಿದು ಜೊತೆ ಕೊಡಿ. ಕೀಬೋರ್ಡಿನ ಸಿದ್ಧ ತಾಳಗಳನ್ನು ರಂಗಗೀತೆಗೆ ಹಾಕಬೇಡಿ. ನಟ ನಿಧಾನಿಸಿದರೆ ಯಂತ್ರ ನಿಧಾನಿಸುವುದಿಲ್ಲ.

ಮೈಕು ಮತ್ತು ಅನುಮತಿ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗಾಗಿ ಪೊಲೀಸ್ ಠಾಣೆಯ ಅನುಮತಿ ಪತ್ರ ಆಗಿದೆಯೇ, ಎಷ್ಟು ಗಂಟೆಯವರೆಗೆ ಆಗಿದೆ ಎಂದು ಊರಿನ ಹಿರಿಯರನ್ನು ಮೊದಲೇ ಕೇಳಿ. ಮೈಕು ಬೇಗ ನಿಲ್ಲಬೇಕಾದರೆ ನಾಟಕ ಸಂಜೆಯೇ ಏರಬೇಕು, ಹಾಡುಗಳು ಕಿರಿದಾಗಬೇಕು. ಪ್ರತಿ ಹಾಡಿನ ಪಲ್ಲವಿ ಮತ್ತು ಒಂದು ಚರಣದ ಕಿರುರೂಪವನ್ನು ನಟರ ಜೊತೆ ತಾಲೀಮಿನಲ್ಲೇ ಗೊತ್ತುಮಾಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ.

ಮೈಕ್‌ಸೆಟ್ಟಿನವರನ್ನು ಸ್ನೇಹದಿಂದ ಮಾತಾಡಿಸಿ. ಹಿಮ್ಮೇಳದ ಕಡೆಗೆ ಮುಖ ಮಾಡಿದ ಒಂದು ಸಣ್ಣ ಬಾಕ್ಸ್ ಕೇಳಿ, ಅದರಲ್ಲಿ ನಟರ ದನಿ ಮಾತ್ರ ಬರಲಿ. ಆ ದನಿ ಕೇಳಿಸದಿದ್ದರೆ ಮೇಲೆ ಹೇಳಿದ ಯಾವ ವಿದ್ಯೆಯೂ ನಡೆಯುವುದಿಲ್ಲ. ಮೈಕು ಕಿರುಚಿದರೆ ದನಿ ಇಳಿಸಲು ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ.

ನಾಟಕದ ರಾತ್ರಿ

ಬೆಳಕಿರುವಾಗಲೇ ರಂಗಸಜ್ಜಿಕೆಯ ಹತ್ತಿರ ಹೋಗಿ. ಎಲ್ಲ ಪ್ರವೇಶಗಳೂ ಕಾಣುವ ಜಾಗ ಹಿಡಿಯಿರಿ. ಬಣ್ಣದ ಮನೆಗೆ ಹೋಗಿ ಕಲಾವಿದೆಯರಿಂದ ಒಂದೊಂದು ಹಾಡಿನ ಮೊದಲ ಸಾಲು ಹಾಡಿಸಿ ಶ್ರುತಿ ಖಚಿತಪಡಿಸಿಕೊಳ್ಳಿ. ವೃತ್ತಿ ಕಲಾವಿದೆಯರ ಅನುಭವ ನಿಮ್ಮದಕ್ಕಿಂತ ದೊಡ್ಡದು, ಅವರು ಹೇಳಿದ ತಿದ್ದುಪಡಿಯನ್ನು ಒಪ್ಪಿಕೊಳ್ಳಿ. ಹಗಲು ಸ್ವಲ್ಪ ನಿದ್ದೆ ಮಾಡಿ, ರಾತ್ರಿ ಹಗುರ ಊಟ ಮಾಡಿ, ನೀರಿನ ಬಾಟಲಿ ಪಕ್ಕದಲ್ಲಿಡಿ.

ನಾಂದಿಯನ್ನು ನಿಧಾನದಲ್ಲಿ ಶುರುಮಾಡಿ. ಅದರಲ್ಲೇ ಎಲ್ಲ ವಾದ್ಯಗಳ ದನಿ, ಮೈಕಿನ ಮಟ್ಟ ಗೊತ್ತಾಗುತ್ತದೆ. ನಡುನಡುವೆ ಸನ್ಮಾನ, ಬಹುಮಾನದ ಘೋಷಣೆ ಬಂದಾಗ ನಾಟಕ ನಿಲ್ಲುತ್ತದೆ. ಮತ್ತೆ ಶುರುವಾಗುವ ಮೊದಲು ನಿಂತ ದೃಶ್ಯದ ರಾಗವನ್ನು ಒಂದೆರಡು ಸುತ್ತು ನುಡಿಸಿ, ನಟರೂ ಜನರೂ ಕತೆಗೆ ಮರಳುತ್ತಾರೆ. ಹಾಡಿಗೆ 'ಒನ್ಸ್ ಮೋರ್' ಬಿದ್ದರೆ ನಟನ ಮುಖ ನೋಡಿ, ಅವನಿಗೆ ಉಸಿರಿದ್ದರೆ ಮಾತ್ರ ಎತ್ತಿ. ಮಂಗಳದವರೆಗೂ ಯಾರೂ ಎದ್ದು ಹೋಗಬಾರದು. ದಣಿದ ನಟನಿಗೆ ಹಿಮ್ಮೇಳ ಹೆಚ್ಚು ಬೇಕಾಗುವುದು ಕೊನೆಯ ಅಂಕದಲ್ಲೇ.

ಕರಪತ್ರಗಳನ್ನು ಕಾಪಾಡಿ

ಪ್ರತಿ ನಾಟಕದ ಕರಪತ್ರ, ಪತ್ರಿಕೆಯ ಸುದ್ದಿ, ಫೋಟೊಗಳನ್ನು ಒಂದು ಕಡತದಲ್ಲಿ ಇಡಿ. ಕರಪತ್ರ ಅಚ್ಚಾಗುವ ಮೊದಲೇ ನಿಮ್ಮ ಹೆಸರು, ವಾದ್ಯ ಸರಿಯಾಗಿ ಬಂದಿದೆಯೇ ನೋಡಿ. ಸಂಕಷ್ಟದಲ್ಲಿರುವ 58 ದಾಟಿದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅರ್ಜಿಗೆ ಬೇಕಾಗುವುದು ಇಂಥ ದಾಖಲೆಗಳೇ. ಜೀವನವಿಡೀ ಪೇಟಿ ನುಡಿಸಿದ ಹಿರಿಯರು ನಿಮ್ಮ ಊರಲ್ಲಿದ್ದರೆ ಅವರ ಹಳೆಯ ಕರಪತ್ರಗಳನ್ನು ಹುಡುಕಿ ಜೋಡಿಸಿಕೊಡಿ, ಅರ್ಜಿ ತುಂಬಿಕೊಡಿ. ಅವರಿಂದ ಕಲಿತವರು ಮಾಡಬಹುದಾದ ಒಳ್ಳೆಯ ಗುರುದಕ್ಷಿಣೆ ಇದು.

ಮಟ್ಟು ಉಳಿಯಬೇಕು

ನಾಟಕದ ಪುಸ್ತಕಗಳು ಅಂಗಡಿಯಲ್ಲಿ ಇನ್ನೂ ಸಿಗುತ್ತವೆ. ಆದರೆ ಒಂದೊಂದು ಪದ್ಯಕ್ಕೆ ನಮ್ಮ ಸೀಮೆಯ ಮಾಸ್ತರರು ಹಾಕಿದ ಮಟ್ಟು ಎಲ್ಲೂ ಅಚ್ಚಾಗಿಲ್ಲ. ಮಾಸ್ತರರೊಬ್ಬರು ತೀರಿಕೊಂಡರೆ ಅವರ ಜೊತೆಗೇ ಹತ್ತಾರು ಮಟ್ಟುಗಳು ಹೋಗುತ್ತವೆ. ಅವುಗಳ ಜಾಗಕ್ಕೆ ಸಿನಿಮಾ ಹಾಡಿನ ಧಾಟಿ ಬಂದು ಕೂತಾಗ ಹೊಸ ಹುಡುಗರಿಗೆ ಏನು ಕಳೆದುಹೋಯಿತೆಂದು ಗೊತ್ತೂ ಆಗುವುದಿಲ್ಲ.

ಇದನ್ನು ತಡೆಯುವುದು ಹಿಮ್ಮೇಳದವರ ಕೈಯಲ್ಲಿದೆ, ಏಕೆಂದರೆ ಸ್ವರ ಗುರುತಿಸಿ ಬರೆಯಬಲ್ಲವರು ಅವರೇ. ಈ ಸಲ ತಾಲೀಮಿಗೆ ಹೊರಡುವಾಗ ಎರಡು ನೋಟ್‌ಬುಕ್ ಒಯ್ಯಿರಿ. ಒಂದು ಆ ರಾತ್ರಿಯ ಕೆಲಸಕ್ಕೆ. ಇನ್ನೊಂದರಲ್ಲಿ ಮಾಸ್ತರರ ಒಂದೊಂದು ಮಟ್ಟನ್ನೂ ಸ್ವರ ಹಾಕಿ ಬರೆಯಿರಿ, ಅವರು ಒಪ್ಪಿದರೆ ಫೋನಿನಲ್ಲಿ ದನಿಯನ್ನೂ ಹಿಡಿಯಿರಿ, ಅದನ್ನು ಯಾರಿಂದ ಕಲಿತರೆಂದು ಕೇಳಿ ಆ ಹೆಸರನ್ನೂ ಸೇರಿಸಿ. ವರ್ಷಕ್ಕೆ ಒಂದೇ ನಾಟಕದ ಮಟ್ಟುಗಳನ್ನು ಹೀಗೆ ಬರೆದಿಟ್ಟರೂ ಐದು ತಾಲೂಕಿನ ವಾದ್ಯಗಾರರು ಕೂಡಿ ಕೆಲವೇ ವರ್ಷದಲ್ಲಿ ಒಂದು ಭಂಡಾರ ಕಟ್ಟಬಹುದು. ಮುಂದಿನ ಜಾತ್ರೆಗೆ ಪಿಟೀಲೋ ಪೇಟಿಯೋ ಹಿಡಿದು ಮೊದಲ ಸಲ ಬರುವ ಮಕ್ಕಳ ಕೈಗೆ ಆ ಪುಸ್ತಕವನ್ನು ನಾವೇ ಕೊಡಬೇಕು.